ಹೊಟ್ಟೆಯೊಳಗಿನ ನರಹುಲಿ

ಪುಟ್ಟತಾಯಮ್ಮ ಬಟ್ಟೆ ಒಗೆಯುವಾಗ ಒಂದೊಂದನ್ನೂ ಬಿಡಿಸಿ ನೋಡುವವಳಲ್ಲ. ಬೆಳಗಿನ ಹಾಲು ಡೇರಿಗೆ ಹಾಕಿ, ಕೊಟ್ಟಿಗೆ ಬಾಚಿ, ಮನೆಮಂದಿಗೆ ಮುದ್ದೆ ಮಾಡಿಟ್ಟು ಕೆರೆಗೆ ಬರುವ ಹೊತ್ತಿಗೆ ಬಿಸಿಲು ಏರಿರುತ್ತದೆ. ನೆನೆಸುವುದು, ಸೋಪು ಹಚ್ಚುವುದು, ಕಲ್ಲಿಗೆ ಬಡಿದು ಹಿಂಡುವುದು, ಅಷ್ಟೇ. ಆದರೆ ತೊಂಬತ್ತಾರನೆಯ ಇಸವಿಯ ಯುಗಾದಿ ಕಳೆದ ಮೂರನೆಯ ದಿನ ಗಂಡನ ಬಿಳಿ ಪಂಚೆ ಕಲ್ಲಿನ ಮೇಲೆ ತಾನಾಗಿಯೇ ಬಿಚ್ಚಿಕೊಂಡಿತು. ಹಿಂಭಾಗದಲ್ಲಿ ಹುಣಸೆಬೀಜದಷ್ಟು ಅಗಲದ ಕಂದುಗೆಂಪು ಕಲೆ. ಪಕ್ಕದಲ್ಲಿ ಇನ್ನೊಂದು, ಅದಕ್ಕಿಂತ ಚಿಕ್ಕದು.

ಅವಳು ಅಲ್ಲೇ ಕುಕ್ಕರಿಸಿದಳು. ಮೂರು ವರ್ಷದ ಹಿಂದೆ ಇದೇ ಕಲ್ಲಿನ ಮೇಲೆ ಅವಳ ಓರಗಿತ್ತಿ ಮಂಚಮ್ಮ ಇಂಥದೇ ಒಂದು ಕಲೆಯನ್ನು ಉಜ್ಜುತ್ತ, "ಎಲೆಅಡ್ಕೆ ಉಗುಳಿರ್ಬೇಕು ಕಣೆ ಪುಟ್ಟಿ" ಎಂದಿದ್ದಳು. ಪುಟ್ಟತಾಯಮ್ಮನೂ ಇರಬಹುದು ಎಂದಿದ್ದಳು. ಅದು ಮಂಚಮ್ಮನ ಗಂಡ ಮರಿಯಯ್ಯನ ಪಂಚೆ. ಮರಿಯಯ್ಯ ಎಂದರೆ ಪುಟ್ಟತಾಯಮ್ಮನ ಗಂಡ ಬೋರಯ್ಯನ ಒಡಹುಟ್ಟಿದ ಅಣ್ಣ. ವರ್ಷ ತುಂಬುವುದರೊಳಗೆ ಅದು ದೊಡ್ಡ ಕರುಳಿನ ಕ್ಯಾನ್ಸರ್ ಎಂದು ಗೊತ್ತಾಯಿತು. ಹೊಟ್ಟೆ ಕೊಯ್ದರು, ಹೊಲಿದರು. ಆರು ತಿಂಗಳಿಗೆ, ಐವತ್ತೆರಡನೆಯ ವಯಸ್ಸಿನಲ್ಲಿ, ಮರಿಯಯ್ಯ ಮೈಸೂರಿನ ಆಸ್ಪತ್ರೆಯಲ್ಲೇ ತೀರಿಕೊಂಡ.

ಆವತ್ತು ಗಂಡಸರೆಲ್ಲ ಹೆಣ ತರಲು ಟೆಂಪೋ ಹುಡುಕಿಕೊಂಡು ಹೋಗಿದ್ದರು. ಡಾಕ್ಟರು ಹೊರಗೆ ಬಂದಾಗ ಬಾಗಿಲ ಬಳಿ ಇದ್ದವಳು ಪುಟ್ಟತಾಯಮ್ಮ ಒಬ್ಬಳೇ. "ಇದು ಕೆಲವು ಮನೆತನದಲ್ಲಿ ರಕ್ತದಲ್ಲೇ ಬರುತ್ತದಮ್ಮಾ. ಇವರ ಒಡಹುಟ್ಟಿದವರು, ಮಕ್ಕಳು ಒಂದು ಸಲ ಪರೀಕ್ಷೆ ಮಾಡಿಸಿಕೊಳ್ಳಲಿ. ಮೊದಲೇ ಗೊತ್ತಾದರೆ ತಡೆಯಬಹುದು" ಎಂದು ಅವರು ಹೇಳಿಹೋದರು. ತಿಥಿಯ ದಿನ ಅವಳು ಆ ಮಾತನ್ನು ಎಲ್ಲರಿಗೂ ಹೇಳಿದಳು. ಸಾವಿನ ಮನೆಯಲ್ಲಿ ಇನ್ನೊಂದು ಸಾವಿನ ಸುದ್ದಿ ಎತ್ತಬೇಡ ಎಂದು ಹಿರಿಯರು ಗದರಿಸಿ ಸುಮ್ಮನಾಗಿಸಿದರು. ಅವಳು ಸುಮ್ಮನಾದಳು. ಆ ಸುಮ್ಮನಾದದ್ದೇ ಈಗ ಕಲ್ಲಿನ ಮೇಲೆ ಪಂಚೆಯಾಗಿ ಬಿದ್ದಿತ್ತು.

ಬೋರಯ್ಯನಿಗೆ ನಲವತ್ತೆಂಟು. ಹೊಲಗದ್ದೆ ಇದ್ದರೂ ಅವನಿಗೆ ಹೆಸರು ಬಂದದ್ದು ದನ ನೋಡುವುದರಲ್ಲಿ. ಸಂತೆಬಾಚಹಳ್ಳಿಯ ಸಂತೆಯಲ್ಲಿ ಎತ್ತು ಕೊಳ್ಳುವವರು ಅವನನ್ನು ಜೊತೆಗೆ ಕರೆದೊಯ್ಯುತ್ತಾರೆ. ಹಲ್ಲು ಎಣಿಸುತ್ತಾನೆ, ಸುಳಿ ನೋಡುತ್ತಾನೆ, ನಾಲ್ಕು ಹೆಜ್ಜೆ ನಡೆಸಿ ಗೊರಸಿನ ಸದ್ದು ಕೇಳುತ್ತಾನೆ. ಅವನು ತಲೆ ಅಲ್ಲಾಡಿಸಿದರೆ ವ್ಯಾಪಾರ ಮುರಿದಂತೆಯೇ. ಅಂಥವನನ್ನು ಅವಳು ಆ ಸಂಜೆ ಕೊಟ್ಟಿಗೆಯಲ್ಲಿ ಹಿಡಿದಳು.

"ಎಷ್ಟು ದಿನದಿಂದ?"

"ಏನು ಎಷ್ಟು ದಿನದಿಂದ?"

"ರಕ್ತ."

"ಉಸ್ಣ ಕಣಮ್ಮಿ. ಬ್ಯಾಸ್ಗೆ ಅಲ್ವಾ. ಮಜ್ಗೆ ಕೊಡು, ಸರಿಯೋಯ್ತದೆ."

"ಎಷ್ಟು ದಿನದಿಂದ ಅಂತ ಕೇಳ್ದೆ."

ಬೋರಯ್ಯ ಹಸುವಿನ ಹಗ್ಗದ ಗಂಟನ್ನು ಬಿಚ್ಚಿ ಮತ್ತೆ ಅದೇ ಗಂಟನ್ನು ಹಾಕಿದ. "ಸಂಕ್ರಾಂತಿಯಿಂದ ಇರ್ಬೋದು."

"ಕಂಡೋರ ದನ ಸಗ್ಣಿ ಹಾಕಿದ್ರೆ ಕೋಲಲ್ಲಿ ಕೆದ್ಕಿ ನೋಡ್ತೀಯ. ಇದ್ಕೆ ಜಂತು ಅದೆ, ಇದ್ಕೆ ಅಜೀರ್ಣ ಆಗದೆ ಅಂತ ಊರಿಗೆಲ್ಲ ಯೋಳ್ತೀಯ. ನಿಂದು ನೀನು ನೋಡ್ಕೊಳ್ಳಕ್ಕಾಗ್ಲಿಲ್ವಾ?"

"ಥೂ, ಮೆಲ್ಲಗೆ ಮಾತಾಡಮ್ಮಿ. ಬೀದಿಗೆ ಕೇಳ್ತದೆ."

ಬೀದಿಗೆ ಕೇಳಬಾರದು ಎನ್ನುವುದೇ ಅವನ ದೊಡ್ಡ ಚಿಂತೆ. ಯಾರಿಗೂ ಹೇಳದೆ ನಾಗಮಂಗಲದ ಕಡೆಗೆ ಹೋಗಿ, ಹೊಣಕೆರೆಯಿಂದಾಚೆ ಯಾರೋ ಮೂಲವ್ಯಾಧಿಗೆ ಕೊಡುವ ಬೇರಿನ ಪುಡಿ ತಂದ. ಹದಿನೈದು ದಿನ ರಕ್ತ ನಿಂತಿತು. ಆ ಹದಿನೈದು ದಿನವೂ ಅವನು ಹೆಂಡತಿಯನ್ನು ಆಡಿಕೊಂಡು ನಕ್ಕ. ಹದಿನಾರನೆಯ ದಿನ ಮತ್ತೆ ಬಂತು. ಕೆ.ಆರ್. ಪೇಟೆಯ ಡಾಕ್ಟರು ಪರೀಕ್ಷಿಸಿ, ನನಗೆ ಮೂಲವ್ಯಾಧಿ ಕಾಣಿಸುತ್ತಿಲ್ಲ, ಒಳಗೆ ನೋಡಿಸಬೇಕು ಎಂದು ಮೈಸೂರಿಗೆ ಚೀಟಿ ಬರೆದುಕೊಟ್ಟರು. ಆ ಚೀಟಿ ಗೋಡೆಯ ಗೂಡಿನಲ್ಲಿ ಇನ್ನೊಂದು ತಿಂಗಳು ಮಲಗಿತು. ಬಿತ್ತನೆ ಮುಗಿಯಲಿ ಎಂದ. ಕಳೆ ಮುಗಿಯಲಿ ಎಂದ. ಕಡೆಗೆ ಒಂದು ದಿನ ಪುಟ್ಟತಾಯಮ್ಮ ಸೀರೆ ಉಟ್ಟು, ಚೀಟಿ ಕೈಯಲ್ಲಿ ಹಿಡಿದು, ನೀನು ಬರದಿದ್ದರೆ ನಾನೇ ಹೋಗಿ ಡಾಕ್ಟರ ಮುಂದೆ ಕೂತು ನಿನ್ನ ಕಥೆ ಹೇಳುತ್ತೇನೆ ಎಂದು ಬಾಗಿಲು ದಾಟಿದ ಮೇಲೆ ಅವನು ಹಿಂದೆಯೇ ಬಂದ.

ಮೈಸೂರಿನ ಡಾಕ್ಟರು ಚಿಕ್ಕ ಕೊಳವೆ ಹಾಕಿ ಕರುಳಿನ ಕೆಳಭಾಗವನ್ನಷ್ಟೇ ನೋಡಿದರು. ಆಮೇಲೆ ಕಾಗದದ ಮೇಲೆ ಅಣಬೆಯಂಥ ಒಂದು ಚಿತ್ರ ಬರೆದರು.

"ಕರುಳಿನ ಒಳಗೋಡೆಯಲ್ಲಿ ಇಂಥದೊಂದು ಗಂಟು ಬೆಳೆದಿದೆ. ಪಾಲಿಪ್ ಅಂತೀವಿ. ನೋಡಿದರೆ ಕ್ಯಾನ್ಸರ್ ಅನ್ನಿಸುತ್ತಿಲ್ಲ. ಆದರೆ ಇಂಥವು ವರ್ಷಗಟ್ಟಲೆ ಅಲ್ಲೇ ಉಳಿದರೆ ಕೆಲವು ಕ್ಯಾನ್ಸರ್ ಆಗುತ್ತವೆ. ಈಗಲೇ ತೆಗೆದರೆ ಅಪಾಯ ಬಹಳ ಕಡಿಮೆ. ಇನ್ನೊಂದು ದಿನ ಬನ್ನಿ. ಉದ್ದನೆಯ ಕೊಳವೆ ಹಾಕಿ ಇಡೀ ಕರುಳು ನೋಡಿ, ತಂತಿಯ ಕುಣಿಕೆ ಬಿಗಿದು ಇದನ್ನು ತೆಗೆಯುತ್ತೇವೆ. ಹೊಟ್ಟೆ ಕೊಯ್ಯುವುದಿಲ್ಲ."

ಇಷ್ಟರಲ್ಲಿ ಬೋರಯ್ಯನ ಕಿವಿಗೆ ಬಿದ್ದದ್ದು ಒಂದೇ ಮಾತು. ಬಸ್ಸು ಶ್ರೀರಂಗಪಟ್ಟಣದ ಸೇತುವೆ ದಾಟುವಾಗ, "ಕ್ಯಾನ್ಸರ್ ಅಲ್ಲ ಅಂದ್ರಲ್ಲ ಸದ್ಯ" ಎಂದ. ಪಾಂಡವಪುರದಲ್ಲಿ, "ಅಲ್ಲ ಅಂದ್ಮೇಲೆ ಯಾಕ್ ತೆಗೀಬೇಕು ಅಂತೀನಿ" ಎಂದ. ಪೇಟೆಯಲ್ಲಿ ಬಸ್ಸು ಇಳಿಯುವ ಹೊತ್ತಿಗೆ ತೀರ್ಮಾನ ಆಗಿಹೋಗಿತ್ತು. "ನೋವಿಲ್ಲ, ಊಟ ಸೇರ್ತದೆ, ನಿದ್ದೆ ಬತ್ತದೆ. ಸುಮ್ಕಿರೋದ್ನ ಯಾಕ್ ಕೆಣಕ್ಬೇಕು? ಬುಟ್ಬುಡು."

ಮರಿಯಯ್ಯನ ಮಗ ಕುಮಾರನೂ ಚಿಕ್ಕಪ್ಪನ ಕಡೆಗೇ ಸೇರಿದ. ಅವನಿಗೆ ಮೂವತ್ತೊಂದು. ತಂದೆಗೆ ಆಪರೇಷನ್ ಮಾಡಿಸಿದ್ದೇ ತಪ್ಪಾಯಿತು ಎಂಬ ಮುಳ್ಳು ಅವನೊಳಗೆ ಹಾಗೇ ಉಳಿದಿತ್ತು. "ಕಬ್ಬಿಣ ತಗುಲಿದ್ರೆ ಕೆರಳ್ತದೆ ಚಿಕ್ಕವ್ವ. ನಮ್ಮಪ್ಪಂಗೂ ಕುಯ್ದ್ಮೇಲೇ ಆರು ತಿಂಗ್ಳು."

"ನಿಮ್ಮಪ್ಪಂಗೆ ಕೆಟ್ಟು ಹಬ್ಬಿದ್ಮೇಲೆ ಕುಯ್ದ್ರು ಕಣಪ್ಪ. ಇದು ಕೆಡಕ್ಕೆ ಮುಂಚೆ ತೆಗೆಯೋದು."

ಅವಳು ಇದನ್ನು ಎಷ್ಟು ಸಲ ಹೇಳಿದಳೋ. ಉಣ್ಣುವಾಗ ಹೇಳಿದಳು, ಹಾಲು ಕರೆಯುವಾಗ ಹೇಳಿದಳು, ಗದ್ದೆಯ ಬದುವಿನ ಮೇಲೆ ಬುತ್ತಿ ಬಿಚ್ಚುವಾಗ ಹೇಳಿದಳು. ಗೋಡೆಗೆ ಹೇಳಿದ್ದರೆ ಗೋಡೆಯಾದರೂ ಕರಗುತ್ತಿತ್ತೇನೋ. ಇರುವ ರೋಗವನ್ನು ವಾಸಿಮಾಡಿಸಿಕೋ ಎಂದರೆ ಯಾರಾದರೂ ಕೇಳುತ್ತಾರೆ. ಇನ್ನೂ ಬಾರದ ರೋಗವನ್ನು ಕಿತ್ತುಹಾಕಿಸಿಕೋ ಎಂದರೆ ಅವಳನ್ನೇ ಒಂದು ಥರ ನೋಡುತ್ತಾರೆ.

ದಾರಿ ತೋರಿಸಿದ್ದು ಒಂದು ಹಸು. ಆಷಾಢದಲ್ಲಿ ಪಕ್ಕದ ಬೀದಿಯವರು ಕೆಚ್ಚಲ ಮೇಲೆ ನರಹುಲಿ ಎದ್ದಿದ್ದ ಒಂದು ಹಸುವನ್ನು ಬೋರಯ್ಯನ ಬಳಿಗೆ ಹೊಡೆದುಕೊಂಡು ಬಂದರು. ಅವನ ಎಲೆಯಡಿಕೆ ಚೀಲದಲ್ಲಿ ಕುದುರೆ ಬಾಲದ ಕೂದಲು ಸುರುಳಿ ಸುತ್ತಿಕೊಂಡು ಸದಾ ಇರುತ್ತದೆ. ಒಂದನ್ನು ಎಳೆದು, ನರಹುಲಿಯ ಬುಡಕ್ಕೆ ಕುಣಿಕೆ ಹಾಕಿ ಬಿಗಿದು, ತುದಿ ಕತ್ತರಿಸಿದ. ವಾರದಲ್ಲಿ ಒಣಗಿ ಉದುರುತ್ತದೆ. ಪುಟ್ಟತಾಯಮ್ಮ ಹೊಸಿಲ ಮೇಲೆ ನಿಂತು ನೋಡುತ್ತಿದ್ದಳು. ಹಸುವಿನವರು ಹೋದ ಮೇಲೆ ಕೇಳಿದಳು.

"ಆ ಹಸೀಗೆ ನೋವಿತ್ತಾ?"

"ನೋವೆಂತದು. ನರೂಲಿ ನೋಯ್ತದಾ?"

"ಹಾಲು ಕಮ್ಮಿ ಕೊಡ್ತಿತ್ತಾ?"

"ಇಲ್ವಲ್ಲ."

"ಮತ್ತೆ ಸುಮ್ಕಿರೋದ್ನ ಯಾಕ್ ಕೆಣಕ್ದೆ?"

"ಒಳ್ಳೆ ಕತೆ. ಬುಟ್ರೆ ಬೆಳೀತದೆ ಕಣಮ್ಮಿ. ಕೆಚ್ಲೆಲ್ಲ ಕೆಡಿಸ್ತದೆ. ಚಿಕ್ದಿರುವಾಗ್ಲೇ…"

ಅಲ್ಲಿಗೆ ಅವನ ಬಾಯಿ ನಿಂತಿತು. ಹೆಂಡತಿಯ ಮುಖ ನೋಡಿದ. ಅವಳು ಗೂಡಿನಿಂದ ಡಾಕ್ಟರು ಬರೆದ ಅಣಬೆಯ ಚಿತ್ರ ತಂದು ಅವನ ಮೊಣಕಾಲ ಮೇಲಿಟ್ಟು, ಒಲೆ ಹಚ್ಚಲು ಹೋದಳು. ಮಾರನೆಯ ಬೆಳಿಗ್ಗೆ ಅವನೇ ಬಂದು ಒರಟಾಗಿ, "ಯಾವತ್ತು ಓಗ್ಬೇಕು?" ಎಂದ.

ಒಪ್ಪಿಸಿದ ಮೇಲೆ ಉಳಿದದ್ದು ಸುಲಭ ಎಂದುಕೊಂಡಿದ್ದಳು. ಆಸ್ಪತ್ರೆಯಲ್ಲಿ ಒಂದು ಪುಡಿ ಕೊಟ್ಟು, ಬೆಳಗಿನ ಜಾವ ಎರಡು ಲೀಟರು ನೀರಿಗೆ ಕಲಸಿ ಕುಡಿಯಲಿ, ಕರುಳು ತೊಳೆದು ಹೋಗುತ್ತದೆ, ಹನ್ನೊಂದಕ್ಕೆ ಬನ್ನಿ ಎಂದಿದ್ದರು. ಹೇಳಿದಂತೆಯೇ ಮನೆಯಲ್ಲಿ ಕುಡಿಸಿ, ಏಳು ಗಂಟೆಯ ಬಸ್ಸಿಗೆ ಹತ್ತಿಸಿದಳು. ಕರುಳು ತೊಳೆಯುವುದು ಎಂದರೆ ಏನೆಂದು ಅವಳಿಗೆ ಅರ್ಥವಾದದ್ದು ಪೇಟೆ ಬಿಟ್ಟು ಅರ್ಧ ಗಂಟೆಯಾದ ಮೇಲೆ. ಬೋರಯ್ಯ ಸರಳು ಹಿಡಿದು ಎದ್ದು ನಿಂತ. ಬಸ್ಸು ನಿಂತಿತು. ಎರಡು ಮೈಲಿಗೆ ಮತ್ತೆ ನಿಂತಿತು.

"ಏನ್ ಗೌಡ್ರೆ, ಎಲ್ಲಾರ ಕಬ್ಬಿನ ಗದ್ದೆನೂ ನೋಡ್ಕೊಂಡು ಬರಕ್ಕೆ ಒಂಟಿದ್ದೀರಾ?" ಎಂದು ಕಂಡಕ್ಟರು ಕೇಳಿದ. ಬಸ್ಸಿಗೆ ಬಸ್ಸೇ ನಕ್ಕಿತು. ಮೂರನೆಯ ಸಲ, ಚಿನಕುರಳಿಯ ಹತ್ತಿರ ಇಳಿದಾಗ ಬಸ್ಸು ಕಾಯಲಿಲ್ಲ. ಮಧ್ಯಾಹ್ನದವರೆಗೆ ಪುಟ್ಟತಾಯಮ್ಮ ರಸ್ತೆಬದಿಯ ಹೊಂಗೆ ಮರದ ಕೆಳಗೆ ಚೀಲ ಕಾದುಕೊಂಡು ಕೂತಳು. ಬೋರಯ್ಯ ಗದ್ದೆಗೂ ಮರಕ್ಕೂ ಓಡಾಡಿದ. ಆಸ್ಪತ್ರೆಯವರು ಹೇಳಿದ ಹೊತ್ತು ಅಲ್ಲೇ ಕಳೆದುಹೋಯಿತು. ಎದುರಿಗೆ ಬಂದ ಬಸ್ಸು ಹತ್ತಿ ಊರಿಗೆ ವಾಪಸಾದರು.

ಎರಡನೆಯ ಸಲಕ್ಕೆ ಅವಳು ಬುದ್ಧಿ ಕಲಿತಿದ್ದಳು. ಪಾಲಹಳ್ಳಿಯಲ್ಲಿ ಅವಳ ತಂಗಿ ಬೈರಮ್ಮನ ಮನೆ. ಅಲ್ಲಿಂದ ಮೈಸೂರು ಹತ್ತಿರ. ಹಿಂದಿನ ದಿನವೇ ಹೋಗಿ ಉಳಿದು ಅಲ್ಲಿಯೇ ಪುಡಿ ಕುಡಿಸುವುದು ಎಂದಾಯಿತು. ಹಸುಗಳನ್ನು ಮಂಚಮ್ಮನಿಗೆ ಒಪ್ಪಿಸಿ ಹೊರಟಳು. ಹಿಂದಿನ ದಿನ ಗಟ್ಟಿ ಆಹಾರ ಬೇಡ, ನೀರಿನಂಥದ್ದನ್ನು ಮಾತ್ರ ಕುಡಿಯಬಹುದು ಎಂದು ಆಸ್ಪತ್ರೆಯವರು ಹೇಳಿದ್ದನ್ನು ಬಾಯಿಪಾಠ ಮಾಡಿಕೊಂಡಿದ್ದಳು. ಆದರೆ ಬೈರಮ್ಮನಿಗೆ ಅದು ಹೇಗೆ ಅರ್ಥವಾಗಬೇಕು?

"ಬಾವ ಅಪ್ರೂಪಕ್ಕೆ ಬಂದವ್ರೆ. ಕೋಳಿ ಕುಯ್ಯದೆ ಕಳುಸ್ಲಾ ಅಕ್ಕ? ಊರೋರು ಏನಂದಾರು?"

"ಊರೋರು ಏನಾರ ಅನ್ಲಿ. ಒಂದಗುಳು ಬಾಯಿಗೋಗ್ಬಾರ್ದು ಬೈರಿ."

"ಬಾವ, ನೋಡಿ, ನಿಮ್ಮೆಂಡ್ತಿ ಅತ್ತೆಗಿಂತ ಕಡೆಯಾದ್ಳು."

ಕೋಳಿಯನ್ನು ತಡೆದಳು, ಮುದ್ದೆಯನ್ನು ತಡೆದಳು, ಸೊಪ್ಪಿನ ಸಾರಿನ ಘಮ ಹೋಗಲೆಂದು ಗಂಡನನ್ನು ಕರೆದುಕೊಂಡು ನಾಲೆಯ ಕಡೆಗೆ ನಡೆದುಬಂದಳು. ಮಧ್ಯಾಹ್ನ ಅವನು ಕಣ್ಣು ಕತ್ತಲೆ ಬರುತ್ತದೆ ಎಂದಾಗ ತನ್ನ ಕೈಯಾರೆ ಒಂದು ಚೊಂಬು ರಾಗಿ ಅಂಬಲಿ ಕಾಯಿಸಿ, ತೆಳ್ಳಗೆ ಮಾಡಿ ಕೊಟ್ಟಳು. ಸಂಜೆ ಇನ್ನೊಂದು ಚೊಂಬು. ಬೆಳಿಗ್ಗೆ ಪುಡಿಯ ನೀರು ಕುಡಿದ ಮೇಲೆ ಬಾಯಿ ಕಹಿ ಹೋಗಲೆಂದು ಅರ್ಧ ಚೊಂಬು. ಹಲ್ಲಿಗೆ ಸಿಕ್ಕುವುದು ಊಟ, ಗಂಟಲಲ್ಲಿ ಇಳಿಯುವುದು ನೀರು. ಅವಳು ಹುಟ್ಟಿದಾಗಿನಿಂದ ಕಂಡ ಲೆಕ್ಕ ಅದೇ. ಅಂಬಲಿಯನ್ನು ಯಾರು ಊಟ ಎನ್ನುತ್ತಾರೆ?

ಡಾಕ್ಟರು ಕಾಲು ಗಂಟೆಗೇ ಹೊರಗೆ ಬಂದರು. "ಏನಮ್ಮಾ ಕೊಟ್ಟಿರಿ ಇವರಿಗೆ?"

"ಏನೂ ಕೊಟ್ಟಿಲ್ಲ ಸ್ವಾಮಿ. ಬರೀ ಅಂಬ್ಲಿ."

ಡಾಕ್ಟರು ಹಣೆ ಹಿಡಿದುಕೊಂಡು ಬೆಂಚಿನ ಮೇಲೆ ಅವಳ ಪಕ್ಕದಲ್ಲೇ ಕೂತರು. ಒಳಗೆಲ್ಲ ರಾಗಿ ಮೆತ್ತಿಕೊಂಡಿದೆ, ಗೋಡೆಯೇ ಕಾಣುವುದಿಲ್ಲ, ಏನನ್ನು ನೋಡಿ ಏನನ್ನು ಕತ್ತರಿಸಲಿ ಎಂದರು. ಆಮೇಲೆ ಸಿಟ್ಟು ಇಳಿಸಿಕೊಂಡು, ಗಾಜಿನ ಲೋಟದಲ್ಲಿ ನೀರು ತರಿಸಿ, ಅದರ ಹಿಂದೆ ಬೆರಳು ಹಿಡಿದರು. "ಬೆರಳು ಕಾಣುತ್ತಾ? ಹೀಗೆ ಕಾಣಬೇಕು. ಎಳನೀರಲ್ಲಿ ಕಾಣುತ್ತೆ, ಸೋಸಿದ ಸಾರಿನ ತಿಳಿಯಲ್ಲಿ ಕಾಣುತ್ತೆ. ಹಾಲು, ಮಜ್ಜಿಗೆ, ಅಂಬಲಿಯಲ್ಲಿ ಕಾಣಲ್ಲ. ಕಾಣದಿದ್ದರೆ ಕೊಡಬೇಡಿ. ನಾವೂ ಮೊದಲೇ ಬಿಡಿಸಿ ಹೇಳಬೇಕಿತ್ತು."

ಪುಟ್ಟತಾಯಮ್ಮ ತಲೆ ಎತ್ತಲಿಲ್ಲ. ಗಂಡ ಹಟ ಮಾಡಿದಾಗ ಗಂಡನ ಮೇಲೆ, ಬಸ್ಸು ಬಿಟ್ಟುಹೋದಾಗ ಬಸ್ಸಿನ ಮೇಲೆ ಸಿಟ್ಟು ಮಾಡಿಕೊಂಡಿದ್ದಳು. ಈ ಸಲ ಸಿಟ್ಟು ಹೋಗಿ ನಿಲ್ಲಲು ಬೇರೆ ಜಾಗವೇ ಇರಲಿಲ್ಲ. ಅಷ್ಟು ಕಾವಲು ಕಾದು, ತಾನೇ ಚೊಂಬು ಹಿಡಿದು ಕೆಡಿಸಿದ್ದಳು. ಪಾಲಹಳ್ಳಿಗೆ ಹಿಂದಿರುಗಿದಾಗ ಬೈರಮ್ಮ, "ಇಂಗಾಯ್ತದೆ ಅಂದಿದ್ರೆ ಬಾವ ಕೋಳಿನಾದ್ರೂ ತಿಂದಿರೋರು" ಎಂದದ್ದಕ್ಕೆ ಅವಳಿಗೆ ನಗುವೂ ಬರಲಿಲ್ಲ, ಅಳುವೂ ಬರಲಿಲ್ಲ.

"ಎರಡು ಸಲ ಆಯ್ತು. ಇನ್ ನಾನ್ ಬರಾಕಿಲ್ಲ" ಎಂದ ಬೋರಯ್ಯ.

"ಬರ್ಬೇಡ. ನಾನು ಸಂತೆಗೆ ಬತ್ತೀನಿ. ದನದ ಸಾಲಲ್ಲಿ ನಿಂತ್ಕೊಂಡು, ಈ ಬೋರಯ್ಯಂಗೆ ಇಂಗಿಂಗೆ ಆಗದೆ, ತೋರಿಸ್ಕೊಳ್ಳಕ್ಕೆ ಎದ್ರುಕೋತಾನೆ ಅಂತ ಯೋಳ್ತೀನಿ."

ಸಂತೆಯಲ್ಲಿ ದನ ಕಟ್ಟುವ ಸಾಲಿಗೆ ಹೆಂಗಸರು ಕಾಲಿಡುವುದಿಲ್ಲ. ಆದರೂ ಅವಳ ಮುಖ ನೋಡಿದ ಬೋರಯ್ಯ ಹೊರಡಲು ಒಪ್ಪಿದ.

ಎಂಟು ದಿನಕ್ಕೆ ಮತ್ತೆ ಪಾಲಹಳ್ಳಿ. ಈ ಸಲ ಬೈರಮ್ಮನಿಂದ ಗಾಜಿನ ಲೋಟ ಇಸಿದುಕೊಂಡು, ಕೊಟ್ಟ ಪ್ರತಿಯೊಂದರ ಹಿಂದೆಯೂ ಬೆರಳಿಟ್ಟು ನೋಡಿ ಕೊಟ್ಟಳು. ಮೈಸೂರಿನಲ್ಲಿ ಒಂದು ಗಂಟೆಯ ನಂತರ ಡಾಕ್ಟರು ಚಿಕ್ಕ ಸೀಸೆ ಹಿಡಿದು ಬಂದರು. ಒಂದಲ್ಲ, ಎರಡು ಸಿಕ್ಕಿದ್ದವು. ಒಂದು ಕಡಲೆಕಾಳಿನಷ್ಟು, ಇನ್ನೊಂದು ಮೇಲಿನ ತಿರುವಿನಲ್ಲಿ ಅಡಗಿದ್ದದ್ದು, ಅವರೆಕಾಳಿಗಿಂತ ದಪ್ಪ. ಬೋರಯ್ಯ ಮಂಚದ ಮೇಲೆ ಎದ್ದು ಕೂತು ಸೀಸೆಯನ್ನು ಬೆಳಕಿಗೆ ಹಿಡಿದು, ಸಂತೆಯಲ್ಲಿ ಹಲ್ಲು ನೋಡುವ ಹಾಗೆ ನೋಡಿದ. "ಬುಡಕ್ಕೇ ಬಿಗಿದವ್ರೆ. ಕೆಲ್ಸ ಗೊತ್ತು ಇವ್ರಿಗೆ" ಎಂದ.

ಹತ್ತು ದಿನಕ್ಕೆ ಬಂದ ವರದಿಯನ್ನು ಡಾಕ್ಟರು ಓದಿ ಹೇಳಿದ್ದು ಇಷ್ಟು: ದಪ್ಪನೆಯದು ಕೆಡುವ ದಾರಿ ಹಿಡಿದಿತ್ತು, ಇನ್ನೂ ಕೆಟ್ಟಿರಲಿಲ್ಲ, ಪೂರ್ತಿ ಹೊರಗೆ ಬಂದಿದೆ. ಮತ್ತೆ ಹುಟ್ಟಬಹುದು, ಆದ್ದರಿಂದ ಮೂರು ವರ್ಷಕ್ಕೆ ಇನ್ನೊಮ್ಮೆ ನೋಡಬೇಕು. ಅಣ್ಣನ ಮಗನನ್ನೂ ಕರೆತನ್ನಿ.

ಇಷ್ಟಕ್ಕೆ ಮುಗಿಯಬೇಕಿತ್ತು. ಆದರೆ ವಾರದೊಳಗೆ ಡೇರಿಯಲ್ಲಿ ಹಾಲು ಹಾಕುವಾಗ ಅವಳ ಕಿವಿಗೆ ಬಿತ್ತು: "ಬೋರಯ್ಯಂಗೆ ಏನೂ ಇರ್ಲಿಲ್ವಂತಲ್ಲವ್ವ. ಸುಮ್ನೆ ಮೂರು ಸಲ ಮೈಸೂರು ಸುತ್ತಿಸ್ದೆ." ಅದನ್ನು ಹೇಳಿಕೊಂಡು ತಿರುಗುತ್ತಿದ್ದವನು ಬೋರಯ್ಯನೇ. ಕ್ಯಾನ್ಸರ್ ಇರಲಿಲ್ಲ, ನೋವಿರಲಿಲ್ಲ, ಹೊಟ್ಟೆಯ ಮೇಲೆ ಒಂದು ಗೀಟಿಲ್ಲ. ಅವನ ಲೆಕ್ಕದಲ್ಲಿ ಏನೂ ಆಗಿಯೇ ಇರಲಿಲ್ಲ. ಹಾಗಾಗಿ, ಏನೂ ಆಗದ ಹಾಗೆ ಮಾಡಿದವಳೇ ಊರ ಬಾಯಲ್ಲಿ ತಿಕ್ಕಲಿಯಾದಳು. ಇದನ್ನಾದರೂ ನುಂಗಿಕೊಳ್ಳುತ್ತಿದ್ದಳು. ಆದರೆ ಕುಮಾರನನ್ನು ಕರೆದಾಗ ಅವನು ಚಪ್ಪಲಿ ಹುಡುಕುತ್ತ, "ಚಿಕ್ಕಪ್ಪಂಗೇ ಏನೂ ಇರ್ಲಿಲ್ವಂತೆ. ನಂಗೇನ್ ಇದ್ದಾತು ಬುಡು ಚಿಕ್ಕವ್ವ" ಎಂದುಬಿಟ್ಟ.

ಮುಂದಿನ ಸಂತೆಯ ದಿನ ಪುಟ್ಟತಾಯಮ್ಮ ಸೊಪ್ಪು ಮಾರುವವರನ್ನು ದಾಟಿ, ಬಳೆಯ ಅಂಗಡಿ ದಾಟಿ, ನೇರವಾಗಿ ದನದ ಸಾಲಿಗೆ ನಡೆದಳು. ಬೋರಯ್ಯ ಒಂದು ಎತ್ತಿನ ಬಾಯಿ ಬಿಡಿಸಿ ಹಿಡಿದಿದ್ದ. ಸುತ್ತ ಏಳೆಂಟು ಜನ, ಅವರಲ್ಲಿ ಕುಮಾರನೂ ಇದ್ದ. ಒಬ್ಬೊಬ್ಬರಾಗಿ ತಿರುಗಿ ನೋಡಿದರು.

"ಏನ್ ಗೌಡ್ತೀರೇ, ಎತ್ತು ತಗೋಳಕ್ಕೆ ಬಂದ್ರಾ?" ಎಂದ ಒಬ್ಬ.

"ಇಲ್ಲ ಕಣಣ್ಣ. ಇವ್ರು ದನ ನೋಡಿದ್ರೆ ಸುಳ್ಳು ಯೋಳಲ್ಲ ಅಂತ ನೀವೆಲ್ಲ ನಂಬ್ತೀರಲ್ಲ, ಅದ್ಕೆ ಬಂದೆ. ಒಂದು ಎತ್ತಿಗೆ ಒಳ್ಗಡೆ ನರೂಲಿ ಎದ್ದು, ಒಂದು ಕೆಡಕ್ಕೆ ಶುರುವಾಗಿ, ಅದ್ನ ಕಟ್ಟಿ ಉದುರಿಸಿದ್ರೆ, ಆ ಎತ್ತಿಗೆ ಏನೂ ಇರ್ಲಿಲ್ಲ ಅಂತಾರಾ? ಕೇಳಿ ಅವ್ರುನ್ನ."

ಬೋರಯ್ಯನ ಕೈ ಸಡಿಲವಾಯಿತು. ಎತ್ತು ಬಾಯಿ ಮುಚ್ಚಿಕೊಂಡು ತಲೆ ಕೊಡವಿತು. ಅವನ ಮುಖ ಕಪ್ಪಿಟ್ಟಿತು. ಇನ್ನು ಬೈಯುತ್ತಾನೆ ಎಂದು ಅವಳು ಸೆರಗು ಬಿಗಿಹಿಡಿದಳು. ಅವನು ಹೆಂಡತಿಯನ್ನು ನೋಡಲಿಲ್ಲ, ಕುಮಾರನನ್ನು ನೋಡಿದ. ಅಣ್ಣನದೇ ಮುಖ, ಅಣ್ಣನದೇ ಗೂನು ಭುಜ.

"ಎರಡಿದ್ವು ಕಣ್ಲಾ" ಎಂದ ಕಡೆಗೆ. "ನಾನೇ ಕಣ್ಣಾರೆ ನೋಡ್ದೆ ಸೀಸೆಲಿ. ಒಂದು ಕೆಡೋ ದಾರೀಲಿತ್ತಂತೆ. ನಿಮ್ಮಪ್ಪಂದೂ ಅಂಗೇ ಇದ್ದಿರ್ಬೇಕು ಮೊದ್ಲು. ಓಗಿ ತೋರಿಸ್ಕೋ."

ಹಿಂದಿನಿಂದ ಒಬ್ಬ ಕೇಳಿದ: "ಅಲ್ಲ ಬೋರಣ್ಣ, ಕುದುರೆ ಕೂದ್ಲು ನೀನೇ ಕೊಟ್ಟಿದ್ದಾ, ಅವ್ರೇ ತಂದಿದ್ರಾ?" ನಗು ಎದ್ದಿತು. ಪುಟ್ಟತಾಯಮ್ಮ ಬಂದ ದಾರಿಯಲ್ಲೇ ಹಿಂತಿರುಗಿದಳು. ಬೋರಯ್ಯ ಆಮೇಲೆ ನಾಲ್ಕು ದಿನ ಅವಳ ಜೊತೆ ಮಾತಾಡಲಿಲ್ಲ.

ಕುಮಾರನ ಸರದಿ ದೀಪಾವಳಿ ಕಳೆದ ಮೇಲೆ ಬಂತು. ಹಿಂದಿನ ದಿನ ಹೊತ್ತು ಹುಟ್ಟುವ ಮೊದಲೇ ಪುಟ್ಟತಾಯಮ್ಮ ಎರಡು ಎಳನೀರು, ಒಂದು ಗಾಜಿನ ಲೋಟ ಹಿಡಿದು ಮಂಚಮ್ಮನ ಅಡುಗೆಮನೆಗೆ ಬಂದು ಮಣೆ ಹಾಕಿಕೊಂಡು ಕೂತಳು. ಮಧ್ಯಾಹ್ನದ ಬಸ್ಸಿಗೆ ಎಲ್ಲರೂ ಪಾಲಹಳ್ಳಿಗೆ ಹೊರಡುವುದು. ಅಲ್ಲಿಯವರೆಗೆ ಅವಳು ಏಳುವ ಹಾಗಿರಲಿಲ್ಲ. ಅಷ್ಟರಲ್ಲೇ ಒಲೆಯ ಮೇಲೆ ಚೊಂಬು ಬಿಸಿಯಾಗುತ್ತಿತ್ತು.

"ನೀರಂಗೇ ಮಾಡಿವ್ನಿ ಕಣೆ. ಉಡುಗ ಬಾಡೋಯ್ತಾನೆ" ಎಂದಳು ಮಂಚಮ್ಮ.

ಪುಟ್ಟತಾಯಮ್ಮ ಅಂಬಲಿಯನ್ನು ಲೋಟಕ್ಕೆ ಬಗ್ಗಿಸಿ, ಹಿಂದೆ ಬೆರಳು ಹಿಡಿದಳು. "ಕಾಣ್ತದಾ ಅಕ್ಕ?"

ಮಂಚಮ್ಮ ಬಗ್ಗಿ, ಕಣ್ಣು ಕಿರಿದು ಮಾಡಿ ನೋಡಿದಳು. "ಕಾಣಾಕಿಲ್ಲ."

ಲೋಟವನ್ನೂ ಚೊಂಬನ್ನೂ ಪುಟ್ಟತಾಯಮ್ಮ ದನದ ಕಲಗಚ್ಚಿನ ಬಕೇಟಿಗೆ ಸುರಿದಳು. ಜಗುಲಿಯ ಮೇಲಿಂದ ಬೋರಯ್ಯನ ದನಿ ಬಂತು: "ಒಂದು ಲೋಟಕ್ಕೆ ಏನಾದಾತು, ಕೊಡಮ್ಮಿ ಪಾಪ."

ಅವಳು ಮಣೆಯನ್ನು ಎತ್ತಿಕೊಂಡು, ಒಲೆಗೆ ಅಡ್ಡವಾಗಿ ಹಾಕಿ ಕೂತಳು.